ಮಗುವಿಗೂ ಹಿರಿಯರಿಗೂ ಒಂದೇ ಪಾತ್ರೆ

ಕೊಯ್ಲಿನ ಸಮಯ. ಸಂಜೆ ಏಳಾದರೂ ಅಂಗಳದ ಕೆಲಸ ಮುಗಿಯುವುದಿಲ್ಲ. ಹಿರಿಯರ ಊಟ ಒಂಬತ್ತಕ್ಕೆ. ಎರಡು ವರ್ಷದ ಮಗು ಅಷ್ಟು ಹೊತ್ತು ಕಾಯುವುದುಂಟೇ? ಆರು ಗಂಟೆಗೆ ಎರಡು ಬಿಸ್ಕತ್ತು, ಅರ್ಧ ಲೋಟ ಚಹಾ, ಮತ್ತೆ ಅಳು, ಮತ್ತೆ ನಿದ್ದೆ. ಹಿತ್ತಿಲಲ್ಲಿ ಬಸಳೆ, ನುಗ್ಗೆ, ಪಪ್ಪಾಯಿ ತುಂಬಿರುವ ಮನೆಯ ಮಗು ಮೈದಾ ತಿಂದು ಮಲಗುತ್ತದೆ!

ಇದು ಬರೀ ಹಸಿವಿನ ಪ್ರಶ್ನೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಪುಟ್ಟ ಮಕ್ಕಳಲ್ಲಿ ನೂರಕ್ಕೆ ಸುಮಾರು 65 ಮಂದಿಗೆ ರಕ್ತಹೀನತೆ. ಊಟದಲ್ಲಿ ಕಬ್ಬಿಣದ ಅಂಶ ಸಾಲದಿರುವುದು ಇದರ ಮುಖ್ಯ ಕಾರಣಗಳಲ್ಲೊಂದು. ಚಹಾ ಇನ್ನಷ್ಟು ತೊಂದರೆ. ಊಟದಲ್ಲಿರುವ ಕಬ್ಬಿಣವನ್ನು ಮೈಗೆ ಹತ್ತಲು ಅದು ಬಿಡುವುದಿಲ್ಲ.

ಹಾಗೆಂದು ಮಗುವಿಗೆ ಬೇರೆ ಅಡುಗೆ ಮಾಡಲು ಯಾರಿಗೆ ಪುರುಸೊತ್ತಿದೆ? ಬೇಡವೂ ಬೇಡ. ಒಂದೇ ಸೂತ್ರ ಸಾಕು: ಮೊದಲು ಮಗುವಿನ ಪಾಲು ತೆಗೆದಿಡಿ, ಮತ್ತೆ ಖಾರ-ಹುಳಿ-ಉಪ್ಪು ಹಾಕಿ. ಬೆಂದ ಪಾತ್ರೆ ಒಂದೇ. ಒಗ್ಗರಣೆ ಮಾತ್ರ ಹಿರಿಯರದ್ದು.

ಗಂಜಿತಿಳಿ ಊಟವಲ್ಲ

ನಮ್ಮಲ್ಲಿ ಮಗುವಿಗೆ ಮೊದಲು ನೆನಪಾಗುವುದು ಗಂಜಿತಿಳಿ. ಅದರಲ್ಲಿ ಇರುವುದು ಹೆಚ್ಚಾಗಿ ನೀರೇ. ಮಗುವಿನ ಹೊಟ್ಟೆ ಚಿಕ್ಕದು. ನೀರಿನಿಂದಲೇ ತುಂಬಿದರೆ ಅನ್ನಕ್ಕೆ ಜಾಗ ಎಲ್ಲಿ? ಪರೀಕ್ಷೆ ಸುಲಭ. ಚಮಚ ಓರೆ ಮಾಡಿದಾಗ ಊಟ ಹರಿದು ಬೀಳಬಾರದು, ನಿಲ್ಲಬೇಕು. ಕುಚ್ಚಲಕ್ಕಿ ಗಂಜಿಯಾದರೆ ಅಗುಳನ್ನೇ ಚೆನ್ನಾಗಿ ಹಿಚುಕಿ, ತಿಳಿ ಸ್ವಲ್ಪ ಸೇರಿಸಿ, ಮೇಲಿಂದ ಒಂದು ಚಮಚ ತುಪ್ಪವೋ ತೆಂಗಿನೆಣ್ಣೆಯೋ ಹಾಕಿ. ಒಂದರಿಂದ ಎರಡು ವರ್ಷದ ಮಗುವಿಗೆ ಹೊತ್ತಿಗೆ ಮುಕ್ಕಾಲಿನಿಂದ ಒಂದು ಬಟ್ಟಲು (250 ಮಿ.ಲೀ.) ಅಂದಾಜು. ಮೂರು-ನಾಲ್ಕು ಊಟ ಬೇಕು. ಎದೆಹಾಲು ಎರಡು ವರ್ಷದ ತನಕ, ಅದರ ನಂತರವೂ ಮುಂದುವರಿಯಲಿ.

ಮಾಡಿ ನೋಡಬಹುದಾದ ನಾಲ್ಕು ಊಟ

ನುಗ್ಗೆಸೊಪ್ಪಿನ ತೊವ್ವೆ: ಒಂದು ಲೋಟ ಹೆಸರುಬೇಳೆ, ಹಿಡಿಯಷ್ಟು ಎಳೆ ನುಗ್ಗೆಸೊಪ್ಪು, ಚಿಟಿಕೆ ಅರಸಿನ. ಬೇಳೆ ಕರಗುವಷ್ಟು ಬೇಯಲಿ. ಎರಡು ಸೌಟು ಮಗುವಿಗೆ ತೆಗೆದು ಅನ್ನದ ಜತೆ ಹಿಚುಕಿ. ಆರಿದ ಮೇಲೆ ನಾಲ್ಕು ಹನಿ ಲಿಂಬೆರಸ. ಬೇಳೆ-ಸೊಪ್ಪಿನ ಕಬ್ಬಿಣ ಮೈಗೆ ಹತ್ತಲು ಲಿಂಬೆ ನೆರವಾಗುತ್ತದೆ. ಉಳಿದದ್ದಕ್ಕೆ ಉಪ್ಪು ಹಾಕಿ, ಬೆಳ್ಳುಳ್ಳಿ, ಒಣಮೆಣಸಿನ ಒಗ್ಗರಣೆ ಕೊಡಿ. ನುಗ್ಗೆ ಇಲ್ಲದಿದ್ದರೆ ಹರಿವೆ, ಬಸಳೆ ಆದೀತು.

ಸಿಹಿಗುಂಬಳದ ಮೇಲಾರ: ಇಲ್ಲಿ ರೂಢಿ ಸ್ವಲ್ಪ ಬದಲಾಗಬೇಕು. ಕಾಯಿ ಅರೆಯುವಾಗಲೇ ಹಸಿಮೆಣಸು ಹಾಕಿಬಿಡುತ್ತೇವಲ್ಲ, ಅದು ಬೇಡ. ಬರೇ ಕಾಯಿ ಅರೆದು, ಹುಳಿಯಿಲ್ಲದ ಮಜ್ಜಿಗೆ ಸೇರಿಸಿ ಬಿಸಿ ಮಾಡಿ. ಮಗುವಿನ ಪಾಲು ತೆಗೆದ ಮೇಲೆ ಎರಡು ಗಾಂಧಾರಿ ಮೆಣಸು ಜಜ್ಜಿ ಹಾಕಿದರೆ ಹಿರಿಯರಿಗೆ ರುಚಿ ಏನೂ ಕಮ್ಮಿಯಾಗುವುದಿಲ್ಲ. ಬಾಳೆಕಾಯಲ್ಲೂ ಹೀಗೇ.

ರಾಗಿ ದೋಸೆ: ಸಂಜೆಗೆ ಹಿಟ್ಟು ಉಳಿದಿದೆಯೇ? ಬೆಂದ ಸಿಹಿಗುಂಬಳ ಹಿಚುಕಿ ಸೇರಿಸಿ ಚಿಕ್ಕ ಚಿಕ್ಕ ದಪ್ಪ ದೋಸೆ ಎರೆಯಿರಿ. ಮಗು ಕೈಯಲ್ಲೇ ಹಿಡಿದು ತಿಂದೀತು. ಹಿರಿಯರಿಗೆ ಅದೇ ದೋಸೆ, ಜತೆಗೆ ಖಾರ ಚಟ್ನಿ.

ಹೆಸರುಕಾಳಿನ ಗಂಜಿ: ಬೆಳಿಗ್ಗೆ ನೆನೆಹಾಕಿದ ಹೆಸರುಕಾಳನ್ನು ಕುಚ್ಚಲಕ್ಕಿ ಜತೆ ಬೇಯಿಸಿ. ಮೊಟ್ಟೆ ತಿನ್ನುವ ಮನೆಯಾದರೆ ಗಟ್ಟಿ ಬೆಂದ ಒಂದು ಮೊಟ್ಟೆ ಹಿಚುಕಿ ಬೆರೆಸಬಹುದು. ಮೀನಾದರೆ ಮಸಾಲೆ ಹಚ್ಚುವ ಮೊದಲು ಒಂದು ತುಂಡು ಬೇರೆ ಬೇಯಿಸಿ. ಮುಳ್ಳು ಎರಡೆರಡು ಸಲ ನೋಡಿ.

ವರ್ಷ ತುಂಬದ ಮಗುವಿನ ಪಾಲಿಗೆ ಉಪ್ಪು, ಸಕ್ಕರೆ, ಜೇನು ಬೇಡ. ಅನಂತರವೂ ಉಪ್ಪು ಚೂರೇ ಚೂರು ಸಾಕು.

ಇವು ಬಾಯಿಗೆ ಹೋಗದಿರಲಿ

ಅಂಗಳದಲ್ಲೇ ಅಪಾಯವಿದೆ. ಅಡಿಕೆ ಹೋಳು, ಇಡೀ ನೆಲಗಡಲೆ, ಕಡಲೆ, ರಂಬುಟಾನ್ ಬೀಜ ಇವೆಲ್ಲ ಗಂಟಲಲ್ಲಿ ಸಿಕ್ಕಿಕೊಂಡು ಉಸಿರು ಕಟ್ಟಿಸಬಹುದು. ಐದು ವರ್ಷದ ತನಕ ಇಡೀ ಕಾಳು-ಬೀಜ ಕೊಡಲೇಬಾರದು. ಹಲಸಿನ ಬೀಜ ಬೇಯಿಸಿ, ಸಿಪ್ಪೆ ತೆಗೆದು, ಪೂರ್ತಿ ಹಿಚುಕಿಯೇ ಕೊಡಿ. ಮಗುವನ್ನು ಕೂತಲ್ಲೇ ಉಣ್ಣಿಸಿ, ಓಡಾಡಿಸುತ್ತಾ ಬೇಡ. ಮದ್ದು ಬಿಟ್ಟು ಬಂದವರು ಸ್ನಾನ ಮಾಡಿ ಬಟ್ಟೆ ಬದಲಿಸದೆ ಮಗುವನ್ನು ಮುಟ್ಟುವುದೂ ಬೇಡ.

"ತಿನ್ನುವುದೇ ಇಲ್ಲ ಮಾರಾಯ್ರೇ!"

ಈ ದೂರು ಇಲ್ಲದ ಮನೆ ಇಲ್ಲ. ಮೊದಲು ನೋಡಬೇಕಾದ್ದು, ಊಟಕ್ಕೆ ಗಂಟೆ ಮೊದಲು ಏನು ಕೊಟ್ಟಿದ್ದೀರಿ ಅಂತ. ಬಿಸ್ಕತ್ತು, ಮಿಕ್ಸ್ಚರ್, ಲೋಟಗಟ್ಟಲೆ ಹಾಲು ಹೋಗಿದ್ದರೆ ಹಸಿವು ಬರುವುದು ಹೇಗೆ? ವರ್ಷ ದಾಟಿದ ಮಗುವಿಗೆ ದನದ ಹಾಲು ದಿನಕ್ಕೆ ಎರಡು ಲೋಟ ಮೀರಬಾರದು.

ಹೊಸ ರುಚಿಯನ್ನು ಒಂದೇ ದಿನದಲ್ಲಿ ಒಪ್ಪುವ ಮಕ್ಕಳು ಕಮ್ಮಿ. ಹತ್ತು-ಹದಿನೈದು ಸಲ ಬಟ್ಟಲಲ್ಲಿ ಕಂಡ ಮೇಲೆ ಬಾಯಿಗಿಡುವುದುಂಟು. ಒಂದು ಚಮಚ ಇಡಿ, ತಿನ್ನದಿದ್ದರೆ ಬಿಡಿ, ನಾಲ್ಕು ದಿನ ಬಿಟ್ಟು ಮತ್ತೆ ಇಡಿ. ಏನು ಬಡಿಸುವುದು, ಎಷ್ಟೊತ್ತಿಗೆ ಎಂಬುದು ನಮ್ಮ ಕೈಯಲ್ಲಿ. ಎಷ್ಟು ತಿನ್ನುವುದು ಎಂಬುದು ಮಗುವಿಗೆ ಬಿಟ್ಟದ್ದು. ಮೂಗು ಹಿಡಿದು, ಮೊಬೈಲು ತೋರಿಸಿ ತುರುಕಿದರೆ ಊಟ ಅಂದರೇ ಮಗು ದೂರ ಓಡೀತು.

ಮಗುವಿನ ಊಟ ಏಳಕ್ಕೇ ಆಗಲಿ. ಹತ್ತಿರ ಮನೆಯವರು ಒಬ್ಬರಾದರೂ ತಟ್ಟೆ ಇಟ್ಟು ಕೂತು ಅದನ್ನೇ ಎರಡು ತುತ್ತು ತಿನ್ನಲಿ. ಇದು ಅಮ್ಮನದ್ದೇ ಕೆಲಸ ಅಂತ ಯಾಕೆ? ಅಪ್ಪ, ಅಜ್ಜ ಕೂತರೂ ಆದೀತು. ನೋಡಿಯೇ ಮಕ್ಕಳು ಕಲಿಯುವುದು.

ಊಟ ಸಾಕಾಗುತ್ತಿದೆಯೇ ಎಂದು ತಿಳಿಯಲು ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ತೂಕ ನೋಡಿಸಿ, ತಾಯಿ ಕಾರ್ಡಿನಲ್ಲಿ ಗುರುತು ಹಾಕಿಸಿ. ಗೆರೆ ಮೇಲೇರುತ್ತಿದ್ದರೆ ಚಿಂತೆ ಬೇಡ. ಎರಡು-ಮೂರು ತಿಂಗಳು ನಿಂತಲ್ಲೇ ನಿಂತರೆ ಅಥವಾ ಕೆಳಗಿಳಿದರೆ ಡಾಕ್ಟರರಿಗೆ ತೋರಿಸಲೇಬೇಕು.

ಇನ್ನೊಂದು ಮಾತು. ಬಚ್ಚಲು ನೀರು ಹರಿಯುವಲ್ಲಿ ಎರಡು ಪಪ್ಪಾಯಿ, ಬಸಳೆಗೊಂದು ಚಪ್ಪರ, ನೀರು ನಿಲ್ಲದ ಬದಿಯಲ್ಲೊಂದು ನುಗ್ಗೆ ಕೋಲು. ಮಗುವಿನ ಊಟಕ್ಕೆ ಇಷ್ಟು ತೋಟ ಧಾರಾಳ. ನಿಮ್ಮ ಮನೆಯಲ್ಲಿ ಪುಟ್ಟ ಮಕ್ಕಳು ಇಷ್ಟಪಟ್ಟು ತಿನ್ನುವ, ಹಿರಿಯರೂ ಒಪ್ಪುವ ರಾತ್ರಿಯಡುಗೆ ಬೇರೆ ಇದ್ದರೆ ಬರೆದು ತಿಳಿಸಿ.