ನೆಲದೊಳಗಣ ಗೋಡೆಯೂ ವಿದ್ಯುತ್ಪ್ರವಾಹವೂ

ಒಮ್ಮೆ ಅಗೆದ ನೆಲವನ್ನು ಮೊದಲಿನಂತೆ ಮಾಡಲಾಗದು. ಆದುದರಿಂದ ಗುದ್ದಲಿಗೆ ಮುನ್ನ ಅನುಸರಿಸತಕ್ಕ ಉಪಾಯವೊಂದುಂಟು. ನಾಲ್ಕು ಲೋಹಶಲಾಕೆಗಳನ್ನು ಸಮದೂರದಲ್ಲಿ ಸಾಲಾಗಿ ನೆಟ್ಟು, ಹೊರಗಿನೆರಡರಿಂದ ವಿದ್ಯುತ್ತನ್ನು ಹರಿಯಿಸಿ, ಒಳಗಿನೆರಡರ ನಡುವಣ ವಿಭವಾಂತರವನ್ನು ಅಳೆಯುವರು. ಮಣ್ಣಿನಲ್ಲಿ ವಿದ್ಯುತ್ತನ್ನು ಒಯ್ಯುವುದು ಮುಖ್ಯವಾಗಿ ಲವಣ ಕರಗಿದ ತೇವವು. ಎಂತಲೇ ಕಲ್ಲುಗೋಡೆಯ ಮೇಲೆ ರೋಧವು ಏರುವುದು, ಹೂಳು ತುಂಬಿದ ಕಂದಕದ ಮೇಲೆ ಸಾಮಾನ್ಯವಾಗಿ ಇಳಿಯುವುದು. 1946ರಲ್ಲಿ ಇಂಗ್ಲೆಂಡಿನ ಥೇಮ್ಸ್ ತೀರದ ಡಾರ್ಚೆಸ್ಟರಿನಲ್ಲಿ ರಿಚರ್ಡ್ ಅಟ್ಕಿನ್ಸನ್ ಈ ಕ್ರಮದಿಂದ ಪ್ರಾಚೀನ ಕಂದಕಗಳನ್ನು ಗುರುತಿಸಿದರು.

ಯಲ್ಲಾಪುರದಿಂದ ಅಂಕೋಲೆಗೆ ಇಳಿಯುವ ಅರಬೈಲ್ ಘಟ್ಟದಂತಹ ಸೀಮೆಯಲ್ಲಿ ಈ ಲೆಕ್ಕವು ಅಷ್ಟು ಸುಲಭವಲ್ಲ. ಜಂಬಿಟ್ಟಿಗೆಯ ನೆಲದಲ್ಲಿ ಜಂಬಿಟ್ಟಿಗೆಯದೇ ಗೋಡೆಯಿದ್ದರೆ ಎರಡೂ ಒಂದೇ ಜಾತಿ. ಬಂಡೆ, ಬೇರು, ಹುತ್ತಗಳೂ ಗೋಡೆಯ ವೇಷ ಹಾಕಬಲ್ಲವು. ಮಳೆಗಾಲದಲ್ಲಿ ಎಲ್ಲವೂ ನೀರು ಕುಡಿದು ಭೇದವು ಮಸುಕಾಗುವುದು. ವೈಶಾಖದಲ್ಲಿ ಮೇಲ್ಮಣ್ಣು ಒಣಗಿ ಶಲಾಕೆಗೆ ಸಂಪರ್ಕವೇ ದೊರೆಯದು. ಮಳೆ ನಿಂತು ನೆಲವು ಆರತೊಡಗಿದ ವಾರಗಳೇ ತಕ್ಕ ಕಾಲ. ಆಗಲೂ ಬಿಡಿ ಅಂಕೆಯನ್ನು ನಂಬದೆ, ನಕ್ಷೆಯಲ್ಲಿ ನೇರ ಗೆರೆ, ಸಮಕೋನಗಳು ಮೂಡುವುವೇ ಎಂದು ನೋಡತಕ್ಕದ್ದು.

ಆದರೆ ಸಮಕೋನವನ್ನೇ ಹಟ ಹಿಡಿಯಲೂಬಾರದು. ಶಿರಸಿ ತಾಲೂಕಿನ ಬನವಾಸಿಯಲ್ಲಿ ಉತ್ಖನನದಿಂದ ದೊರೆತ ಇಟ್ಟಿಗೆಯ ಕಟ್ಟಡಗಳಲ್ಲಿ ಗಜಪೃಷ್ಠಾಕಾರದವೂ ಇವೆ. ಅಂತಹ ಬಾಗು ಕಾಣಬೇಕಾದರೆ ಅಳತೆಯ ಸಾಲುಗಳು ಒಂದು ಮೀಟರಿಗಿಂತ ದೂರವಿರಲಾಗದು.