ಚಳಿಗಾಲ ಎಂದರೆ ಹಿಮ ಮಾತ್ರವೇ?



ನಮ್ಮ ಪಂಚಾಂಗದ ಪ್ರಕಾರ ವರ್ಷಕ್ಕೆ ಆರು ಋತುಗಳು: ವಸಂತ, ಗ್ರೀಷ್ಮ, ವರ್ಷ, ಶರತ್, ಹೇಮಂತ ಮತ್ತು ಶಿಶಿರ. ಇವುಗಳಲ್ಲಿ ಕೊನೆಯ ಎರಡು ಚಳಿಯ ಋತುಗಳು. ಮಾರ್ಗಶಿರ, ಪುಷ್ಯ ಮಾಸಗಳು ಹೇಮಂತ. ಮಾಘ, ಫಾಲ್ಗುಣ ಮಾಸಗಳು ಶಿಶಿರ. ಹಳ್ಳಿಯ ರೈತರ ಲೆಕ್ಕ ಇನ್ನೂ ಸರಳ: ಮಳೆಗಾಲ, ಚಳಿಗಾಲ, ಬೇಸಿಗೆಕಾಲ. ಚಳಿಗಾಲಕ್ಕೆ 'ಮಾಗಿ' ಎಂಬ ಹೆಸರೂ ಇದೆ. ಮಾಘ ಎಂಬ ಸಂಸ್ಕೃತ ಪದವೇ ಆಡುಮಾತಿನಲ್ಲಿ ಮಾಗಿ ಆಯಿತು. ಶಿವರಾತ್ರಿಗೆ ಚಳಿ 'ಶಿವಶಿವಾ' ಎಂದು ಓಡಿಹೋಗುತ್ತದೆ ಎಂಬ ಮಾತನ್ನು ನಿಮ್ಮ ಅಜ್ಜಿಯ ಬಾಯಲ್ಲಿ ಕೇಳಿರಬಹುದು.

ಚಳಿಗಾಲ ಏಕೆ ಬರುತ್ತದೆ? ಭೂಮಿ ಸೂರ್ಯನಿಂದ ದೂರ ಹೋಗುವುದರಿಂದ ಎಂದು ಅನೇಕರು ತಿಳಿದಿದ್ದಾರೆ. ನಿಜ ಇದಕ್ಕೆ ವಿರುದ್ಧ. ಜನವರಿ ಮೊದಲ ವಾರದಲ್ಲಿ ಭೂಮಿ ಸೂರ್ಯನಿಗೆ ಅತ್ಯಂತ ಸಮೀಪದಲ್ಲಿ, ಸುಮಾರು 14.7 ಕೋಟಿ ಕಿಲೋಮೀಟರ್ ದೂರದಲ್ಲಿರುತ್ತದೆ. ಜುಲೈನಲ್ಲಿ ಈ ದೂರ ಸುಮಾರು 15.2 ಕೋಟಿ ಕಿಲೋಮೀಟರ್. ಚಳಿಗೆ ಕಾರಣ ದೂರವಲ್ಲ, ಓರೆ. ಭೂಮಿಯ ಅಕ್ಷ ಸುಮಾರು 23.5 ಡಿಗ್ರಿ ವಾಲಿಕೊಂಡಿದೆ. ಡಿಸೆಂಬರ್‌ನಲ್ಲಿ ಉತ್ತರಾರ್ಧಗೋಳವು ಸೂರ್ಯನಿಗೆ ವಿಮುಖವಾಗಿ ವಾಲುವುದರಿಂದ ಇಲ್ಲಿ ಬಿಸಿಲು ಓರೆಯಾಗಿ ಬೀಳುತ್ತದೆ, ಹಗಲು ಕಿರಿದಾಗುತ್ತದೆ. ಡಿಸೆಂಬರ್ 21ರ ಹೊತ್ತಿಗೆ ಬೆಂಗಳೂರಿನಲ್ಲಿ ಹಗಲು ಸುಮಾರು ಹನ್ನೊಂದು ಗಂಟೆ ಇಪ್ಪತ್ತು ನಿಮಿಷವಿದ್ದರೆ ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೊಗಳಲ್ಲಿ ಸುಮಾರು ಹತ್ತೇ ಗಂಟೆ.

ಆ ದಿನದಿಂದಲೇ ಸೂರ್ಯ ಉತ್ತರದ ಕಡೆ ತಿರುಗುತ್ತಾನೆ. ಹಾಗಾದರೆ ನಾವು ಸಂಕ್ರಾಂತಿಯನ್ನು ಜನವರಿ 14 ಅಥವಾ 15ರಂದು ಏಕೆ ಆಚರಿಸುತ್ತೇವೆ? ನಮ್ಮ ಪಂಚಾಂಗ ಸೂರ್ಯನ ಸ್ಥಾನವನ್ನು ನಕ್ಷತ್ರಗಳಿಂದ ಅಳೆಯುತ್ತದೆ. ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ತೂಗುವುದರಿಂದ ಇವೆರಡರ ನಡುವೆ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಅಂತರ ಬೆಳೆಯುತ್ತದೆ. ಸುಮಾರು 1,700 ವರ್ಷಗಳ ಹಿಂದೆ ಎರಡೂ ಒಂದೇ ದಿನ ಬರುತ್ತಿದ್ದವು.

ಋತುವಿನ ಕಾರಣ ಎಲ್ಲೆಡೆ ಒಂದೇ. ಗುಣ ಮಾತ್ರ ಊರಿಂದೂರಿಗೆ ಬೇರೆ. ಕರ್ನಾಟಕದಲ್ಲಿ ಮುಂಗಾರು ಮುಗಿದ ಮೇಲೆ ಬರುವ ಚಳಿಗಾಲ ಒಣ ಋತು. ಬೆಳಗಿನ ಇಬ್ಬನಿ, ಒಡೆದ ತುಟಿ, ಸೊಗಡಿನ ಅವರೆಕಾಯಿ ಅದರ ಗುರುತುಗಳು. ವಿಜಯಪುರ, ಕಲಬುರಗಿಯ ಕಡೆ ಹಿಂಗಾರಿ ಜೋಳವು ಕಪ್ಪು ಮಣ್ಣು ಹಿಡಿದಿಟ್ಟ ತೇವದಲ್ಲೇ ಬೆಳೆಯುತ್ತದೆ. ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿ ಬೀಜ ಬೆರೆಸಿ ತಿನ್ನುವ ರೂಢಿಯೂ ಈ ಕಾಲಕ್ಕೆ ಹೊಂದುತ್ತದೆ; ಒಣ ಚಳಿಯಲ್ಲಿ ದೇಹಕ್ಕೆ ಎಣ್ಣೆಯ ಅಂಶ ಬೇಕು ಎಂಬ ನಂಬಿಕೆಯಿದೆ.

ನಾವಿರುವ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಲೆಕ್ಕ ತಲೆಕೆಳಗು. ಇಲ್ಲಿ ಬೇಸಿಗೆಯೇ ಒಣ ಋತು, ಚಳಿಗಾಲವೇ ಮಳೆಗಾಲ. ಬೇಸಿಗೆಯಲ್ಲಿ ಪೆಸಿಫಿಕ್ ಸಾಗರದ ಮೇಲಿನ ಅಧಿಕ ಒತ್ತಡದ ವಲಯ ಬಿರುಗಾಳಿಗಳನ್ನು ಉತ್ತರಕ್ಕೆ ತಳ್ಳುತ್ತದೆ. ಚಳಿಗಾಲದಲ್ಲಿ ಅದು ದಕ್ಷಿಣಕ್ಕೆ ಸರಿದಾಗ ಮಳೆಗೆ ದಾರಿಯಾಗುತ್ತದೆ. ವರ್ಷಕ್ಕೆ ಲಾಸ್ ಏಂಜಲೀಸ್‌ನಲ್ಲಿ ಸುಮಾರು 14 ಇಂಚು, ಸ್ಯಾನ್ ಡಿಯೇಗೊದಲ್ಲಿ ಸುಮಾರು 10 ಇಂಚು ಮಳೆ. ಅದರಲ್ಲಿ ಹೆಚ್ಚಿನದೆಲ್ಲ ಈ ಕೆಲವೇ ತಿಂಗಳಲ್ಲಿ. ಮೇ ತಿಂಗಳಿಗೆ ಒಣಗುವ ಗುಡ್ಡಗಳು ಜನವರಿಯಲ್ಲಿ ಹಸಿರಾಗುತ್ತವೆ. ಪಾಯಿಂಟ್ ಲೋಮಾದ ಬಳಿ ಬೂದು ತಿಮಿಂಗಿಲಗಳು ಬಾಹಾ ಕ್ಯಾಲಿಫೋರ್ನಿಯಾದ ಕಡೆ ಈಜಿ ಹೋಗುತ್ತವೆ. ಆದರೂ ಚಳಿಗಾಲದ ಚಿತ್ರ ಬರೆಯಿರಿ ಎಂದರೆ ನಮ್ಮ ಮಕ್ಕಳು ಬರೆಯುವುದು ಹಿಮದ ಗೊಂಬೆಯನ್ನೇ! ಹಿಮ ಬೀಳುವುದು ಮೌಂಟ್ ಬಾಲ್ಡಿ, ಬಿಗ್ ಬೇರ್‌ನಂಥ ಬೆಟ್ಟಗಳಲ್ಲಿ. ದೂರದ ಸಿಯೆರಾ ನೆವಾಡದ ಹಿಮವೂ ನಮ್ಮದೇ. 1913ರಲ್ಲಿ ತೆರೆದ ಲಾಸ್ ಏಂಜಲೀಸ್ ಕಾಲುವೆಯ ಮೂಲಕ ಅದು ಕರಗಿ ಈ ನಗರದ ನಲ್ಲಿಗಳಿಗೆ ಬರುತ್ತದೆ.

ಈ ಮಳೆ ಅತಿಯಾದರೂ ಕಷ್ಟ, ಬಾರದಿದ್ದರೂ ಕಷ್ಟ. 2024ರ ಜನವರಿ 22ರಂದು ಸ್ಯಾನ್ ಡಿಯೇಗೊದಲ್ಲಿ ಒಂದೇ ದಿನ ಸುಮಾರು 2.7 ಇಂಚು ಮಳೆ ಸುರಿಯಿತು. ವರ್ಷದ ಮಳೆಯ ಕಾಲು ಭಾಗಕ್ಕೂ ಹೆಚ್ಚು! ನಗರದ ಆಗ್ನೇಯ ಭಾಗದಲ್ಲಿ ಮನೆಗಳೊಳಗೆ ನೀರು ನುಗ್ಗಿತು. ಮುಂದಿನ ವರ್ಷ ಇದರ ವಿರುದ್ಧ. ಎರಡು ವರ್ಷದ ಒಳ್ಳೆಯ ಮಳೆಗೆ ಹುಲುಸಾಗಿ ಬೆಳೆದಿದ್ದ ಹುಲ್ಲು, ಪೊದೆ ಒಣಗಿ ನಿಂತಿದ್ದವು. 2024ರ ಮೇ ತಿಂಗಳಿಂದ ಲಾಸ್ ಏಂಜಲೀಸ್ ನಗರ ಮಧ್ಯದಲ್ಲಿ ಕಾಲು ಇಂಚೂ ಮಳೆ ಬಿದ್ದಿರಲಿಲ್ಲ. ಮರುಭೂಮಿಯ ಕಡೆಯಿಂದ ಕಣಿವೆಗಳ ಮೂಲಕ ಇಳಿಯುತ್ತಾ ಒತ್ತಡದಿಂದ ಬಿಸಿಯಾಗಿ ಒಣಗುವ ಸ್ಯಾಂಟಾ ಆನಾ ಗಾಳಿ ಚಳಿಗಾಲದಲ್ಲೂ ಬೀಸುತ್ತದೆ. 2025ರ ಜನವರಿ 7ರಂದು ಅಂಥ ಬಿರುಗಾಳಿಯಲ್ಲಿ ಪ್ಯಾಲಿಸೇಡ್ಸ್ ಮತ್ತು ಈಟನ್ ಕಾಳ್ಗಿಚ್ಚುಗಳು ಹೊತ್ತಿಕೊಂಡವು. 16,000ಕ್ಕೂ ಹೆಚ್ಚು ಕಟ್ಟಡಗಳು ಸುಟ್ಟವು, ಹಲವರು ಪ್ರಾಣ ಕಳೆದುಕೊಂಡರು. ಅದು ನಡು ಚಳಿಗಾಲ. ಒಂದೇ ವಾರದಲ್ಲಿ ಸಂಕ್ರಾಂತಿ ಇತ್ತು.

ಆದ್ದರಿಂದ ಈ ಊರಿನ ಚಳಿಗಾಲದ ಪಾಠ ಇಬ್ಬನಿ, ಕಂಬಳಿ, ಅವರೆಕಾಯಿಗಳಿಗೆ ಮುಗಿಯಬಾರದು ಎಂದು ನಾವು ಭಾವಿಸುತ್ತೇವೆ. ನೆರೆ, ಒಣಗಾಳಿ, ಕಾಳ್ಗಿಚ್ಚು, ಹೊಗೆ ಎಂಬ ಪದಗಳೂ ಮಕ್ಕಳಿಗೆ ಬರಬೇಕು. ನಮ್ಮ ಅನೇಕ ಮನೆಗಳಿಗೆ ಚಳಿಗಾಲ ಕಳೆಯಲು ಊರಿನಿಂದ ಅಜ್ಜಿ ತಾತ ಬರುತ್ತಾರೆ. ಅಪ್ಪ ಅಮ್ಮ ಕೆಲಸದಲ್ಲಿರುವಾಗ ಫೋನಿನಲ್ಲಿ ಎಚ್ಚರಿಕೆ ಮೊಳಗಿದರೆ, ಇಂಗ್ಲಿಷ್ ಬಾರದ ಅಜ್ಜಿಗೆ ಅದನ್ನು ಹೇಳುವವರು ನೀವೇ. "ಅಜ್ಜಿ, ಬೆಂಕಿ ಹತ್ತಿರ ಬರ್ತಿದೆಯಂತೆ. ನಿಮ್ಮ ಮಾತ್ರೆ, ಪಾಸ್‌ಪೋರ್ಟ್ ತಗೊಳ್ಳಿ, ಈಗಲೇ ಹೊರಡಬೇಕು." ಇಷ್ಟು ಮಾತನ್ನು ತಡವರಿಸದೆ ಕನ್ನಡದಲ್ಲಿ ಹೇಳಲು ಕಲಿಯಿರಿ. ಮನೆಯವರೆಲ್ಲ ಕೂಡಿ ಒಮ್ಮೆ ಅಭ್ಯಾಸ ಮಾಡಿ. ಹಾಗೆಯೇ ಮೊದಲ ಮಳೆ ಬಿದ್ದ ದಿನ ಅಜ್ಜಿಯನ್ನು ಕಿಟಕಿಯ ಬಳಿ ಕೂರಿಸಿಕೊಂಡು, ಇಲ್ಲಿ ಚಳಿಗಾಲಕ್ಕೇ ಏಕೆ ಮಳೆ ಬರುತ್ತದೆ ಎಂದು ಅವರಿಗೆ ವಿವರಿಸಿ.