ಹಳೆಯ ಗಣಕಕ್ಕೆ ಹೊಸ ವ್ಯವಸ್ಥೆ

ತಮ್ಮ ಮನೆಯಲ್ಲಿ ಎಂಟು ಹತ್ತು ವರ್ಷದ ಗಣಕಯಂತ್ರವೊಂದಿದ್ದು, ಅದರಲ್ಲಿ ವಿಂಡೋಸ್ 10 ನಡೆಯುತ್ತಿದ್ದರೆ, ಇನ್ನು ಇದನ್ನೇನು ಮಾಡುವುದೆಂಬ ಪ್ರಶ್ನೆ ತಮಗೂ ಬಂದಿರಬಹುದು. ಆ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ಆದರೋ ಅನೇಕ ಹಳೆಯ ಯಂತ್ರಗಳನ್ನು ಒಪ್ಪುವುದಿಲ್ಲ. ಗಟ್ಟಿಯಾಗಿರುವ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸು ಬಾರದವರಿಗೆ ಲಿನಕ್ಸ್ ಎಂಬ ದಾರಿಯೊಂದುಂಟು.

ಕಾರ್ಯವ್ಯವಸ್ಥೆಯೆಂದರೆ ಮನೆವಾರ್ತೆ ನೋಡುವ ಹಿರಿಯರಿದ್ದಂತೆ. ಕೀಲಿಮಣೆ, ಪರದೆ, ಮುದ್ರಣಯಂತ್ರ ಎಲ್ಲವೂ ಅವರ ಮಾತಿನಂತೆ ನಡೆಯಬೇಕು. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಸಾರಿದ ಗ್ನು ಯೋಜನೆಯ ತಂತ್ರಾಂಶಗಳೂ, ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ 1991ರಲ್ಲಿ ಬರೆಯತೊಡಗಿದ ತಿರುಳೂ ಕೂಡಿ ಈ ವ್ಯವಸ್ಥೆ ಬೆಳೆಯಿತು. ಇದರ ಮೂಲಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಹಂಚುವವರು ಹಲವರಾದುದರಿಂದ ಬಗೆಗಳೂ ಹಲವು. ಹೊಸಬರಿಗೆ ಲಿನಕ್ಸ್ ಮಿಂಟ್ ಒಳ್ಳೆಯದೆಂದು ನನ್ನ ಅಭಿಪ್ರಾಯ. ಅದರ ಪರದೆ ವಿಂಡೋಸ್ ಕಂಡ ಕಣ್ಣಿಗೆ ಅಪರಿಚಿತವೆನಿಸದು. ಇದು ಪಂಡಿತರ ಸೊತ್ತೆಂಬ ಭಯವೂ ಬೇಡ. ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳು ಲಿನಕ್ಸಿನಲ್ಲಿಯೇ ಗಣಕಪಾಠ ಕಲಿಯುತ್ತಾರೆ.

ಮೊದಲು ಯಾವುದನ್ನೂ ಅಳಿಸದೆ ಪರೀಕ್ಷಿಸಿ ನೋಡಿ. ಮಿಂಟ್‌ನ ಕಡತವನ್ನು ಅದರ ತಾಣದಿಂದ ಇಳಿಸಿಕೊಂಡು 8 ಜಿ.ಬಿ.ಯ ಪೆನ್‌ಡ್ರೈವಿಗೆ ಏರಿಸಬೇಕು. ಬರಿದೆ ನಕಲು ಮಾಡಿದರೆ ಸಾಲದು. ರೂಫಸ್‌ನಂಥ ತಂತ್ರಾಂಶದಿಂದ ಬರೆಯಬೇಕು. ಬಳಿಕ ಯಂತ್ರವನ್ನು ಪೆನ್‌ಡ್ರೈವಿನಿಂದಲೇ ಆರಂಭಿಸಿದರೆ ಲಿನಕ್ಸ್ ತಾತ್ಕಾಲಿಕವಾಗಿ ನಡೆಯುತ್ತದೆ. ವೈಫೈ ಸಿಕ್ಕಿತೇ, ಧ್ವನಿ ಬಂದಿತೇ, ಪ್ರಿಂಟರ್ ಕೆಲಸ ಮಾಡಿತೇ ನೋಡಿಕೊಳ್ಳಿ. ಯಂತ್ರ ಆರಿಸಿ ಪೆನ್‌ಡ್ರೈವ್ ಕಿತ್ತರೆ ಹಳೆಯ ವಿಂಡೋಸ್ ಇದ್ದಂತೆಯೇ ಇರುತ್ತದೆ. ಅಂಗಡಿಯ ಲೆಕ್ಕವನ್ನು ಟ್ಯಾಲಿಯಲ್ಲಿ ಇಟ್ಟಿರುವವರು ಮಾತ್ರ ವಿಂಡೋಸನ್ನು ಬಿಡದಿರುವುದು ಲೇಸು. ಟ್ಯಾಲಿ ಲಿನಕ್ಸಿನಲ್ಲಿ ನೇರವಾಗಿ ನಡೆಯದು.

ಒಪ್ಪಿಗೆಯಾಗಿ ಸ್ಥಾಪಿಸಲು ಹೊರಟಾಗಲೇ ನಿಜವಾದ ಅಪಾಯ. ‘ಡಿಸ್ಕ್ ಅಳಿಸು’ ಎಂಬ ಆಯ್ಕೆಯನ್ನು ಒತ್ತಿದರೆ ಮದುವೆಯ ಚಿತ್ರಗಳು, ಮನೆಯ ಪತ್ರಗಳು ಎಲ್ಲವೂ ಹೋದಂತೆಯೇ. ಆದುದರಿಂದ ಅವನ್ನು ಬೇರೊಂದು ಡಿಸ್ಕಿನಲ್ಲಿ ಮೊದಲೇ ಇರಿಸಿಕೊಳ್ಳಿ.

ಕನ್ನಡ ಬರಹಗಳಿದ್ದರೆ ಇನ್ನೊಂದು ಎಚ್ಚರಿಕೆಯೂ ಬೇಕು. ಹಳೆಯ ನುಡಿ ಕಡತಗಳಲ್ಲಿ ಕನ್ನಡಕ್ಕೆ ರೋಮನ್ ಅಕ್ಷರಗಳ ಸಂಕೇತಗಳನ್ನೇ ಬಳಸಿ, ಫಾಂಟಿನ ಬಲದಿಂದ ಕನ್ನಡವಾಗಿ ತೋರಿಸುತ್ತಿದ್ದರು. ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ, ತಂದೆಯವರು ಹತ್ತು ವರ್ಷ ಕುಳಿತು ಬರೆದ ಆತ್ಮಕಥೆಯೂ ರೋಮನ್ ಅಕ್ಷರಗಳ ಗೋಜಲಾಗಿ ಕಾಣುತ್ತದೆ. ವಿಂಡೋಸ್ ಇರುವಾಗಲೇ ನುಡಿಯ ಪರಿವರ್ತಕದಿಂದ ಅದನ್ನು ಯೂನಿಕೋಡಿಗೆ ಮಾರ್ಪಡಿಸಿ, ನಾಲ್ಕು ಪುಟಗಳನ್ನಾದರೂ ಮೂಲದೊಡನೆ ಹೋಲಿಸಿ ಓದಿ. ಒತ್ತಕ್ಷರಗಳು ಕೆಲವೊಮ್ಮೆ ಕೆಡುವುದುಂಟು. ಮೂಲ ಕಡತವನ್ನೂ ಎಸೆಯಬೇಡಿ.

ಟೈಪ್ ಮಾಡುವ ವಿಚಾರದಲ್ಲಿ ಅಂಥ ತೊಡಕಿಲ್ಲ. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕಗಪ ಕೀಲಿಮಣೆ ಲಿನಕ್ಸಿನಲ್ಲಿ ಮೊದಲಿನಿಂದಲೇ ಇರುತ್ತದೆ. ಕೀಲಿಮಣೆಯ ಪಟ್ಟಿಯಲ್ಲಿ ಕನ್ನಡವನ್ನು ಹುಡುಕಿ ‘ಕಗಪ’ ಎಂದಿರುವುದನ್ನು ಆರಿಸಿಕೊಂಡರೆ, ನುಡಿಯಲ್ಲಿ ಪಳಗಿದ ಬೆರಳುಗಳು ಹೊಸದಾಗಿ ಅಕ್ಷರಾಭ್ಯಾಸ ಮಾಡಬೇಕಾಗಿಲ್ಲ.